ತಳ್ಳುವುದಾ, ಎತ್ತುವುದಾ? ಘಟ್ಟದ ರಸ್ತೆ ತೆರವಿಗೆ ಜೆಸಿಬಿ ಬಕೆಟ್ ಆರಿಸುವ ಬಗೆ

ಜೂನ್ ಬಂತೆಂದರೆ ನಮ್ಮ ಉತ್ತರ ಕನ್ನಡದಲ್ಲಿ ದಿನಾ ಕೇಳುವ ಪ್ರಶ್ನೆ ಒಂದೇ: ಘಟ್ಟ ತೆರೆದಿದೆಯಾ? ಶಿರಸಿಯಿಂದ ಕುಮಟಾಕ್ಕೆ ಹೋಗುವವರು ದೇವಿಮನೆ ಘಟ್ಟದ ಬಗ್ಗೆ ಕೇಳುತ್ತಾರೆ. ಯಲ್ಲಾಪುರದಿಂದ ಅಂಕೋಲಾಕ್ಕೆ ಇಳಿಯುವವರಿಗೆ ಅರಬೈಲ್ ಚಿಂತೆ. ಕಾರವಾರದಿಂದ ಜೋಯಿಡಾಕ್ಕೆ ಹತ್ತುವವರಿಗೆ ಅಣಶಿ ಚಿಂತೆ. ಎಲ್ಲೋ ಧರೆ ಕುಸಿದಿದೆ ಎಂದು ಗೊತ್ತಾದ ಕೂಡಲೇ ಬರುವ ಮುಂದಿನ ಮಾತು, "ಜೆಸಿಬಿ ಬಂತಾ?" ಬಂತು ಎಂದರೆ ಎಲ್ಲರಿಗೂ ಅರ್ಧ ಸಮಾಧಾನ.

ಆದರೆ ಯಂತ್ರ ಬಂದ ಮೇಲೂ ಕೆಲಸ ಎಳೆಯುವುದನ್ನು ನಾವೆಲ್ಲ ನೋಡಿದ್ದೇವೆ. ಬಕೆಟ್ ತುಂಬುತ್ತದೆ, ಖಾಲಿ ಆಗುವುದಿಲ್ಲ. ದೊಡ್ಡ ಬಂಡೆಯ ಸುತ್ತ ಯಂತ್ರ ಸುತ್ತುತ್ತಲೇ ಇರುತ್ತದೆ. ಮಣ್ಣು ತೆಗೆದರೂ ರಸ್ತೆಯ ಮೇಲೆ ಜಾರುವ ರಾಡಿ ಉಳಿಯುತ್ತದೆ. ಜನ ಆಪರೇಟರನನ್ನು ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಅವನದ್ದಲ್ಲ. ಆ ಕೆಲಸಕ್ಕೆ ಬೇಕಾದ ಬಕೆಟ್ ಯಂತ್ರದಲ್ಲಿ ಇರುವುದಿಲ್ಲ, ಅಷ್ಟೇ. ಒಂದೇ ಯಂತ್ರಕ್ಕೆ ಹತ್ತಾರು ಬಗೆಯ ಬಕೆಟ್, ಮಣ್ಣು ತಳ್ಳುವ ಬ್ಲೇಡ್, ಕಲ್ಲು ಒಡೆಯುವ ಬ್ರೇಕರ್, ಹಿಡಿಕೆಗಳು ಸಿಗುತ್ತವೆ. ಯಾವುದನ್ನು ಯಾವಾಗ ಹಾಕಬೇಕು ಎನ್ನುವ ತಿಳಿವಳಿಕೆ ಮಾತ್ರ ಯಂತ್ರದಷ್ಟು ವೇಗವಾಗಿ ನಮ್ಮ ಊರುಗಳಿಗೆ ಬಂದಿಲ್ಲ. ಗುತ್ತಿಗೆದಾರರು, ಪಂಚಾಯಿತಿ ಸದಸ್ಯರು, ಒಂದು ಜೆಸಿಬಿ ಇಟ್ಟುಕೊಂಡು ಬಾಡಿಗೆಗೆ ಬಿಡುವವರು, ಇವರೆಲ್ಲರಿಗೂ ಇದು ಗೊತ್ತಿರಲೇಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಹಿಮ ಗುಡಿಸುವ ಹಲಗೆ ನಮಗೆ ಆಗುತ್ತದಾ?

ಕೆನಡಾ, ಅಮೆರಿಕದಲ್ಲಿ ಲಾರಿಯ ಮುಂದೆ ದೊಡ್ಡ ಬ್ಲೇಡ್ ಕಟ್ಟಿಕೊಂಡು ರಸ್ತೆಯ ಹಿಮವನ್ನು ಸರಸರ ಗುಡಿಸುವ ವಿಡಿಯೋಗಳನ್ನು ನೀವೂ ನೋಡಿರಬಹುದು. ನಮ್ಮ ಘಟ್ಟಕ್ಕೂ ಅಂಥದ್ದೊಂದು ತರಿಸಬಾರದಾ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ ಇದು. ಇದರ ಉತ್ತರ ಹುಡುಕಿದರೆ ಬಕೆಟ್ ಆರಿಸುವ ವಿಚಾರ ಅರ್ಧ ತಿಳಿದ ಹಾಗೆ.

ಹಿಮದ ಕೆಲಸಕ್ಕೆ ಬೇರೆ ಬೇರೆ ಜೋಡಣೆಗಳಿವೆ. ನೇರ ಬ್ಲೇಡ್ ಎಲ್ಲಕ್ಕಿಂತ ಸರಳ. ಅದನ್ನು ಎಡಕ್ಕೋ ಬಲಕ್ಕೋ ಓರೆ ಮಾಡಿದರೆ ಹಿಮ ರಸ್ತೆಯ ಅಂಚಿಗೆ ಸರಿಯುತ್ತದೆ. ನಡುವೆ ಮಡಚುವ ವಿ ಆಕಾರದ ಬ್ಲೇಡ್ ಗಟ್ಟಿಯಾದ ರಾಶಿಯನ್ನು ಸೀಳಿಕೊಂಡು ದಾರಿ ಮಾಡುತ್ತದೆ. ಎರಡು ಬದಿಯಲ್ಲೂ ತಗಡಿನ ಗೋಡೆ ಇರುವ ಪೆಟ್ಟಿಗೆಯಂಥ ಪುಷರ್ ದೊಡ್ಡ ಪಾರ್ಕಿಂಗ್ ಜಾಗಗಳಿಗೆ ಬೇಕು. ಅದು ಹಿಮವನ್ನು ಬದಿಗೆ ಚೆಲ್ಲದೆ ಒಟ್ಟಾಗಿ ಒಂದು ಮೂಲೆಗೆ ತಳ್ಳುತ್ತದೆ. ತಿರುಗುವ ಅಲಗುಗಳಿಂದ ಹಿಮವನ್ನು ಕತ್ತರಿಸಿ ದೂರಕ್ಕೆ ಎಸೆಯುವ ಯಂತ್ರ ಇನ್ನೊಂದು. ನಮ್ಮ ದೇಶದಲ್ಲೇ ಲಡಾಖಿಗೆ ಹೋಗುವ ಜೋಜಿಲಾದಂಥ ಕಣಿವೆ ದಾರಿ ತೆರೆಯಲು ಗಡಿ ರಸ್ತೆ ಸಂಸ್ಥೆ ಡೋಜರುಗಳ ಜೊತೆ ಇಂಥ ಸ್ನೋ ಕಟರುಗಳನ್ನು ಬಳಸುತ್ತದೆ.

ಈಗ ತೂಕ ನೋಡಿ. ಹೊಸದಾಗಿ ಬಿದ್ದ ಹಿಮ ಒಂದು ಘನ ಮೀಟರಿಗೆ ಸುಮಾರು 100 ಕೆಜಿ. ಕೆಲವು ದಿನ ಕುಳಿತು ಗಟ್ಟಿಯಾದರೆ 300 ಕೆಜಿ ಆಗಬಹುದು. ನಮ್ಮ ಘಟ್ಟದಲ್ಲಿ ನೀರು ಕುಡಿದು ಕುಸಿದ ಕೆಂಪು ಮಣ್ಣು ಅದೇ ಒಂದು ಘನ ಮೀಟರಿಗೆ 1,800 ಕೆಜಿಯ ಆಸುಪಾಸು ತೂಗುತ್ತದೆ. ನಡುವೆ ಕಲ್ಲಿದ್ದರೆ ಇನ್ನೂ ಜಾಸ್ತಿ. ಸಾಮಾನ್ಯ ಜೆಸಿಬಿಯ ಮುಂದಿನ ಬಕೆಟ್ ಸುಮಾರು 1.1 ಘನ ಮೀಟರಿನದು. ಅದರಲ್ಲಿ ಹೊಸ ಹಿಮ ತುಂಬಿದರೆ 110 ಕೆಜಿ. ನಮ್ಮ ಕೆಸರು ತುಂಬಿದರೆ ಹತ್ತಿರ ಹತ್ತಿರ 2 ಟನ್. ಯಂತ್ರ ಅದೇ, ಬಕೆಟ್ ಅದೇ, ಭಾರ ಮಾತ್ರ 18 ಪಟ್ಟು.

ಹಾಗಾಗಿ ಹಿಮದ ಬ್ಲೇಡನ್ನು ಅಗಲವಾಗಿ, ಹಗುರವಾಗಿ ಮಾಡುತ್ತಾರೆ. ರಸ್ತೆಯಲ್ಲಿ ಎದ್ದಿರುವ ಮ್ಯಾನ್‌ಹೋಲ್ ಮುಚ್ಚಳಕ್ಕೋ ಕಲ್ಲಿಗೋ ತಾಗಿದರೆ ಮುರಿಯಬಾರದಲ್ಲ, ಅದಕ್ಕೆ ಕೆಳಗಿನ ಅಂಚು ಸ್ಪ್ರಿಂಗಿನ ಮೇಲೆ ಹಿಂದಕ್ಕೆ ಮಡಚುತ್ತದೆ. ಟಾರು ಕೆರೆಯದಿರಲಿ ಎಂದು ಕೆಲವು ಕಡೆ ರಬ್ಬರ್ ಅಂಚು ಹಾಕುತ್ತಾರೆ. ಅಂಥ ಬ್ಲೇಡಿನಿಂದ ಮೂರಡಿ ಎತ್ತರದ ಕೆಂಪು ಮಣ್ಣಿನ ರಾಶಿಗೆ ನುಗ್ಗಿದರೆ ಸ್ಪ್ರಿಂಗ್ ಮಡಚಿಕೊಂಡೇ ಇರುತ್ತದೆ, ಮಣ್ಣು ಅಲುಗುವುದಿಲ್ಲ.

ಅಲ್ಲಿಂದ ನಾವು ಕಲಿಯುವುದೂ ಇದೆ. ಓರೆ ಬ್ಲೇಡಿನ ಲೆಕ್ಕ ಅದರಲ್ಲಿ ಮುಖ್ಯ. ಬ್ಲೇಡನ್ನು 30 ಡಿಗ್ರಿ ಓರೆ ಮಾಡಿದರೆ ಅದು ಗುಡಿಸುವ ಅಗಲ ಕಡಿಮೆಯಾಗುತ್ತದೆ. 8 ಅಡಿ ಬ್ಲೇಡ್ 7 ಅಡಿಗೂ ಸ್ವಲ್ಪ ಕಡಿಮೆ ಗುಡಿಸುತ್ತದೆ. 6 ಅಡಿಯದು 5 ಅಡಿ ಚಿಲ್ಲರೆಗೆ ಇಳಿಯುತ್ತದೆ. ಮುಂಡಗೋಡ, ಬನವಾಸಿ ಕಡೆ ಟ್ರ್ಯಾಕ್ಟರಿನ ಹಿಂದೆ ಬ್ಲೇಡ್ ಕಟ್ಟಿ ಹೊಲದ ದಾರಿ ಸಮ ಮಾಡುವವರು ಇದನ್ನು ಗಮನಿಸಬೇಕು. ಓರೆ ಮಾಡಿದ ಮೇಲೂ ಬ್ಲೇಡಿನ ಅಗಲ ಹಿಂದಿನ ಗಾಲಿಗಳ ಹೊರ ಅಂಚನ್ನು ಮುಚ್ಚುವಷ್ಟು ಇರಬೇಕು. ಇಲ್ಲದಿದ್ದರೆ ಬ್ಲೇಡಿನಿಂದ ಸರಿದು ಬಂದ ಮಣ್ಣನ್ನು ಮುಂದಿನ ಸುತ್ತಿನಲ್ಲಿ ಗಾಲಿಯೇ ತುಳಿದು ಗಟ್ಟಿ ಮಾಡುತ್ತದೆ.

ಮಣ್ಣು ಎಲ್ಲಿಗೆ ಹೋಗಬೇಕು?

ತೂಕಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಹಿಮವನ್ನು ಬದಿಗೆ ತಳ್ಳಿದರೆ ಬಿಸಿಲು ಬಂದಾಗ ತಾನಾಗಿ ಕರಗಿ ಹೋಗುತ್ತದೆ. ಮಣ್ಣು ಕರಗುವುದಿಲ್ಲ. ಎಲ್ಲಿ ಹಾಕುತ್ತೇವೋ ಅಲ್ಲೇ ಇರುತ್ತದೆ, ಇಲ್ಲವೇ ಮುಂದಿನ ಮಳೆಗೆ ಇನ್ನೂ ಕೆಳಗೆ ಹೋಗುತ್ತದೆ.

ನಮ್ಮ ಘಟ್ಟದ ರಸ್ತೆಯ ಒಂದು ಬದಿ ಕಡಿದ ಧರೆ, ಇನ್ನೊಂದು ಬದಿ ಇಳಿಜಾರು. ಆ ಇಳಿಜಾರಿನ ಕೆಳಗೆ ಏನಿರುತ್ತದೆ? ಅದೇ ರಸ್ತೆಯ ಮುಂದಿನ ತಿರುವು ಇರಬಹುದು. ಹಳ್ಳ ಇರಬಹುದು. ಯಾರದ್ದೋ ಅಡಿಕೆ ತೋಟ ಇರಬಹುದು, ತೋಟಕ್ಕೆ ನೀರು ತರುವ ಅಬ್ಬಿ ಇರಬಹುದು. ಬ್ಲೇಡಿನಿಂದ ತಳ್ಳಿ ಅಂಚಿನಾಚೆ ಉರುಳಿಸಿದರೆ ಒಂದೆರಡು ಗಂಟೆಯಲ್ಲಿ ರಸ್ತೆ ತೆರೆಯುತ್ತದೆ, ನಿಜ. ಆದರೆ ಆ ಮಣ್ಣು ಹಳ್ಳಕ್ಕೆ ಅಡ್ಡವಾಗಿ ನಿಂತರೆ ನೀರು ಹಿಂದೆ ಕಟ್ಟಿಕೊಂಡು ಒಮ್ಮೆಲೇ ಒಡೆಯುತ್ತದೆ. ಅಂಚಿನ ಮೇಲೆ ಸಡಿಲ ಮಣ್ಣಿನ ಭಾರ ಬಿದ್ದರೆ ರಸ್ತೆಯ ಹೊರ ಬದಿಯೇ ಕುಸಿಯಬಹುದು. ಕೆಳಗಿನ ತೋಟದವರ ನಾಲ್ಕಡಿ ಫಲವತ್ತಾದ ಮಣ್ಣಿನ ಮೇಲೆ ಗೊಡ್ಡು ಮಣ್ಣು ಕೂರುತ್ತದೆ. ಅಡಿಕೆ ಮರದ ಬುಡದಲ್ಲಿ ಅಷ್ಟು ಮಣ್ಣು ನಿಂತರೆ ಬೇರಿಗೆ ಗಾಳಿ ಸಿಗದೆ ಮರ ಸೊರಗುತ್ತದೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎನ್ನುವುದು ನನಗೆ ಬಹಳ ಬೇಸರದ ಸಂಗತಿ.

ಹಾಗಾಗಿ ಘಟ್ಟದ ಕೆಲಸಕ್ಕೆ ಮೊದಲ ಪ್ರಶ್ನೆ ಯಾವ ಕಂಪನಿಯ ಬಕೆಟ್ ಎನ್ನುವುದಲ್ಲ. ತಳ್ಳುವುದಾ, ಎತ್ತುವುದಾ? ಇದೇ ಮೊದಲ ಪ್ರಶ್ನೆ. ಒಂದು ಬದಿಗೆ ಸಮತಟ್ಟಾದ, ಗಟ್ಟಿಯಾದ, ನೀರಿನ ದಾರಿ ಇಲ್ಲದ ಜಾಗ ಇದ್ದರೆ ತಳ್ಳಬಹುದು. ಇಲ್ಲದಿದ್ದರೆ ಎತ್ತಿ ಟಿಪ್ಪರಿಗೆ ತುಂಬಿ ಸಾಗಿಸಲೇಬೇಕು.

ಸಾಗಿಸುವುದು ಎಂದರೆ ಎಷ್ಟು ಕೆಲಸ, ಒಂದು ಲೆಕ್ಕ ಹಾಕೋಣ. 7 ಮೀಟರ್ ಅಗಲದ ರಸ್ತೆಯ ಮೇಲೆ 40 ಮೀಟರ್ ಉದ್ದಕ್ಕೆ ಸರಾಸರಿ 1.8 ಮೀಟರ್ ಎತ್ತರ ಮಣ್ಣು ಬಿದ್ದಿದೆ ಎಂದುಕೊಳ್ಳಿ. ಅದು 500 ಘನ ಮೀಟರ್. ತೂಕ ಸುಮಾರು 900 ಟನ್. ಆರು ಗಾಲಿಯ ಟಿಪ್ಪರ್ ಒಂದು ಸಲಕ್ಕೆ ಸುಮಾರು 10 ಟನ್ ಒಯ್ದರೆ 90 ಟ್ರಿಪ್. ನೋಡಲು ಮಧ್ಯಮ ಗಾತ್ರದ ಕುಸಿತ ಅದು. ಇಲ್ಲಿ ನಿಜವಾಗಿ ವೇಗ ನಿರ್ಧಾರ ಆಗುವುದು ಟಿಪ್ಪರ್ ತುಂಬುವ ಜಾಗದಲ್ಲಿ. ಹಾಗಾಗಿ ಎತ್ತಿ ತುಂಬಲು ಯಾವ ಬಕೆಟ್ ಎನ್ನುವುದು ಸಣ್ಣ ಮಾತಲ್ಲ.

ದೊಡ್ಡ ಬಕೆಟ್ ಎಂದರೆ ಜಾಸ್ತಿ ಕೆಲಸ ಅಲ್ಲ

ಬಕೆಟ್ ದೊಡ್ಡದಾದಷ್ಟೂ ಬೇಗ ಕೆಲಸ ಆಗುತ್ತದೆ ಎಂದು ಅನಿಸುವುದು ಸಹಜ. ಮರಳು, ಒಣ ಜಲ್ಲಿ ತುಂಬುವ ಕಡೆ ಅದು ಸರಿಯೂ ಹೌದು. ಒದ್ದೆ ಮಣ್ಣಿನಲ್ಲಿ ಹಾಗಲ್ಲ.

ಮುಂದಿನ ಬಕೆಟಿನಿಂದ ಎತ್ತಿ ತುಂಬುವ ಪ್ರತಿ ಯಂತ್ರಕ್ಕೂ, ಅಂದರೆ ಲೋಡರಿಗೂ, ಒಂದು ಬೀಳುವ ಭಾರ ಇರುತ್ತದೆ. ಮುಂದೆ ಅಷ್ಟು ತೂಕ ಬಿದ್ದರೆ ಹಿಂದಿನ ಗಾಲಿ ನೆಲ ಬಿಡುತ್ತದೆ. ಗಾಲಿಯ ಲೋಡರುಗಳಿಗೆ ಆ ಭಾರದ ಅರ್ಧದಷ್ಟನ್ನು ಮಾತ್ರ ಕೆಲಸದ ಭಾರ ಎಂದು ಹಿಡಿಯುತ್ತಾರೆ. ಚೈನಿನ ಮೇಲೆ ಓಡುವ ಸಣ್ಣ ಲೋಡರುಗಳಿಗೆ ಅದು ಶೇ 35. ಇದು ಸಮತಟ್ಟಾದ ಗಟ್ಟಿ ನೆಲದ ಲೆಕ್ಕ ಎನ್ನುವುದನ್ನು ಮರೆಯಬೇಡಿ. ಘಟ್ಟದ ಇಳಿಜಾರಿನಲ್ಲಿ, ಜಾರುವ ಟಾರಿನ ಮೇಲೆ, ಬಕೆಟ್ ಎತ್ತರಕ್ಕೆ ಎತ್ತಿ ತಿರುಗುವಾಗ ಅಷ್ಟೂ ಸುರಕ್ಷಿತ ಅಲ್ಲ. ಇನ್ನೊಂದು ವಿಷಯ ಇದೆ. ಬಕೆಟಿನದೇ ತೂಕ ಜಾಸ್ತಿಯಾದರೆ ಅದರಲ್ಲಿ ತುಂಬಬಹುದಾದ ಮಣ್ಣು ಅಷ್ಟು ಕಡಿಮೆ. ಯಂತ್ರ ಎತ್ತುವುದು ಎರಡನ್ನೂ ಸೇರಿಸಿಯೇ ಅಲ್ವಾ?

ಆದ್ದರಿಂದ ಹೀಗೆ ಲೆಕ್ಕ ಮಾಡಿ. ಯಂತ್ರದ ಪುಸ್ತಕದಲ್ಲಿ ಇರುವ ಕೆಲಸದ ಭಾರವನ್ನು ತೆಗೆದುಕೊಳ್ಳಿ. ಮೂಲ ಬಕೆಟಿಗಿಂತ ಹೊಸ ಬಕೆಟ್ ಎಷ್ಟು ಹೆಚ್ಚು ತೂಗುತ್ತದೋ ಅಷ್ಟನ್ನು ಅದರಿಂದ ಕಳೆಯಿರಿ. ಉಳಿದದ್ದನ್ನು 1.8 ಟನ್ನಿನಿಂದ ಭಾಗಿಸಿ. ಬಂದ ಸಂಖ್ಯೆಯೇ ನಿಮ್ಮ ಬಕೆಟಿನ ಗಾತ್ರ, ಘನ ಮೀಟರಿನಲ್ಲಿ. ಬೇಸಿಗೆಯಲ್ಲಿ ಮರಳು ತುಂಬಲು ತಂದ ಬಕೆಟನ್ನೇ ಜುಲೈನಲ್ಲಿ ಬಳಸುವುದಾದರೆ ಅಂಚಿನವರೆಗೆ ತುಂಬದೆ ಮುಕ್ಕಾಲಿಗೆ ನಿಲ್ಲಿಸಬೇಕು. ಒಳ್ಳೆಯ ಆಪರೇಟರ್ ಇದನ್ನು ಎಂಜಿನ್ ಸದ್ದಿನಿಂದಲೇ ತಿಳಿಯುತ್ತಾನೆ. ಆದರೆ ಹೊಸ ಹುಡುಗನಿಗೆ ಯಾರಾದರೂ ಹೇಳಿಕೊಡಬೇಕು.

ಇನ್ನು ಅಂಟುವ ಸಮಸ್ಯೆ. ನಮ್ಮ ಜೇಡಿ ಬೆರೆತ ಕೆಂಪು ಮಣ್ಣು ಒಂದು ಹದದಲ್ಲಿ ಬಕೆಟಿನ ಒಳಗೆ ಅಂಟಿಕೊಂಡು ಬಿಡುತ್ತದೆ. ಮೂರರಲ್ಲಿ ಒಂದು ಪಾಲು ಹಾಗೆ ಉಳಿದರೆ ಯಂತ್ರ ಅಷ್ಟು ಭಾರವನ್ನು ಸುಮ್ನೆ ಹಿಂದೆ ಮುಂದೆ ಹೊತ್ತು ತಿರುಗುತ್ತದೆ. ಡೀಸೆಲ್ ದಂಡ. ಆಳವಾದ ಕಿರಿದಾದ ಬಕೆಟಿಗೆ ಜಾಸ್ತಿ ಅಂಟುತ್ತದೆ. ಆಳ ಕಡಿಮೆ ಇದ್ದು ಬಾಯಿ ಅಗಲವಾಗಿರುವ, ಒಳಗಿಂದ ಹೊರಕ್ಕೆ ಸ್ವಲ್ಪ ಅರಳಿದ ಬದಿಗಳಿರುವ ಬಕೆಟಿಗೆ ಕಡಿಮೆ. ಅಂಟಿದ್ದನ್ನು ಬೀಳಿಸಲು ಬಕೆಟನ್ನು ನೆಲಕ್ಕೆ ಕುಟ್ಟುವುದು ಎಲ್ಲ ಕಡೆ ಕಾಣುವ ಅಭ್ಯಾಸ. ಅದರಿಂದ ಪಿನ್ನು, ಬುಶ್ಶು ಬೇಗ ಸವೆಯುತ್ತವೆ, ಬೆಸುಗೆ ಬಿಡುತ್ತದೆ. ತುಂಬುವ ಮೊದಲು ಬಕೆಟ್ ಒದ್ದೆ ಮಾಡಿಕೊಂಡು, ಆಗಾಗ ಸಲಿಕೆಯಿಂದ ಕೆರೆದು ತೆಗೆಯುವುದು ಒಳ್ಳೆಯದು.

ಹಲ್ಲು ಬೇಕಾ, ಬೇಡವಾ

ಬಕೆಟಿನ ಅಂಚಿಗೆ ಹಲ್ಲು ಇದ್ದರೆ ಗಟ್ಟಿ ಮಣ್ಣು, ಬೇರು, ಚಿರೆಕಲ್ಲಿನ ಪದರ ಸೀಳಲು ಅನುಕೂಲ. ರಾಶಿಯ ಒಳಗೆ ಬಕೆಟ್ ಸುಲಭವಾಗಿ ನುಗ್ಗುತ್ತದೆ. ಆದರೆ ಕೊನೆಯ ಅರ್ಧ ಅಡಿ ಮಣ್ಣು ತೆಗೆಯುವಾಗ ಅದೇ ಹಲ್ಲು ಟಾರನ್ನು ಉಳುತ್ತದೆ. ಗೀರಿದಲ್ಲಿ ನೀರು ಇಳಿದು ಆಗಸ್ಟ್ ಹೊತ್ತಿಗೆ ಗುಂಡಿ. ರಸ್ತೆ ತೆರವು ಮಾಡಿದ ಜಾಗದಲ್ಲೇ ಗುಂಡಿ ಬೀಳುವುದನ್ನು ನೀವು ಗಮನಿಸಿರಬಹುದು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಹಲ್ಲುಗಳ ಮೇಲೆ ಬೋಲ್ಟ್ ಹಾಕಿ ಕೂರಿಸುವ ನೇರ ಪಟ್ಟಿ ಸಿಗುತ್ತದೆ. ಒಂದು ಬದಿ ಸವೆದರೆ ತಿರುಗಿಸಿ ಹಾಕಬಹುದು. ಜೊತೆಗೆ ಲೋಡರಿನ ಲಿವರಿನಲ್ಲಿ ಫ್ಲೋಟ್ ಎನ್ನುವ ಒಂದು ಸ್ಥಾನ ಇದೆ. ಅದಕ್ಕೆ ಹಾಕಿದರೆ ಬಕೆಟ್ ತನ್ನ ತೂಕದಲ್ಲಿ ಮಾತ್ರ ನೆಲದ ಏರಿಳಿತ ಅನುಸರಿಸುತ್ತದೆ, ಹೈಡ್ರಾಲಿಕ್ ಒತ್ತಡ ಅದನ್ನು ಟಾರಿಗೆ ಒತ್ತುವುದಿಲ್ಲ. ಬಕೆಟನ್ನು ನೆಲಕ್ಕೆ ತಾಗಿಸಿ ಹಿಮ್ಮುಖವಾಗಿ ಎಳೆಯುತ್ತಾ ಬಂದರೆ ಇನ್ನೂ ಚೊಕ್ಕ.

ಆಮೇಲೂ ದೋಸೆ ಹಿಟ್ಟಿನಂಥ ರಾಡಿಯ ಪದರ ಉಳಿಯುತ್ತದೆ. ನಾಲ್ಕು ಗಾಲಿಯವರಿಗೆ ಅದು ಏನೂ ಅಲ್ಲ. ಬೈಕಿನವರಿಗೆ ಜೀವಕ್ಕೆ ಅಪಾಯ. ಇದಕ್ಕೆ ಯಂತ್ರದ ಮುಂದೆ ಕೂರಿಸುವ ತಿರುಗುವ ಬ್ರಶ್ ಸಿಗುತ್ತದೆ. ಅದಿಲ್ಲದಿದ್ದರೆ ನೀರಿನ ಟ್ಯಾಂಕರ್ ತರಿಸಿ ತೊಳೆಯಲೇಬೇಕು. ತೊಳೆಯದೆ ರಸ್ತೆ ತೆರೆದಿದೆ ಎಂದು ಹೇಳಬಾರದು.

ಹಲವು ಕೆಲಸ ಮಾಡುವ, ಎರಡು ಹೋಳಾಗಿ ಬಾಯಿ ತೆರೆಯುವ ಬಕೆಟ್ ಬಗ್ಗೆ ಇಲ್ಲಿ ಹೇಳಬೇಕು. ಅದರ ಹಿಂಭಾಗ ಡೋಜರ್ ಬ್ಲೇಡಿನ ಹಾಗೆ ತಳ್ಳುತ್ತದೆ, ಮುಂಭಾಗ ದವಡೆಯಾಗಿ ಕಲ್ಲನ್ನೂ ದಿಮ್ಮಿಯನ್ನೂ ಕಚ್ಚುತ್ತದೆ. ಕೆಳಗಿನಿಂದ ಬಾಯಿ ತೆರೆದು ಸುರಿಯುವುದರಿಂದ ಟಿಪ್ಪರ್ ತುಂಬುವಾಗ ಸ್ವಲ್ಪ ಎತ್ತರ ಉಳಿಯುತ್ತದೆ. ಒಂದೇ ಜೆಸಿಬಿ ಇರುವ ಮಾಲೀಕ ಒಂದೇ ಹೆಚ್ಚುವರಿ ಜೋಡಣೆ ಕೊಳ್ಳುವುದಾದರೆ ನಾನು ಹೇಳುವುದು ಇದನ್ನೇ. ಆದರೆ ಇದು ಸಾಮಾನ್ಯ ಬಕೆಟಿಗಿಂತ ಭಾರ. ಮೇಲೆ ಹೇಳಿದ ಕಳೆಯುವ ಲೆಕ್ಕ ಮಾಡಿಯೇ ತರಿಸಿ. ಹೆಚ್ಚುವರಿ ಹೋಸುಗಳೂ ಇರುತ್ತವೆ, ಮರದ ಕೊಂಬೆಗೆ ಸಿಕ್ಕಿ ಹರಿಯದಂತೆ ಕವಚ ಬೇಕು.

ಗಟಾರದ ಬಕೆಟ್

ನನ್ನ ಪ್ರಕಾರ ನಮ್ಮ ಜಿಲ್ಲೆಗೆ ಎಲ್ಲಕ್ಕಿಂತ ಜಾಸ್ತಿ ಬೇಕಾದ ಜೋಡಣೆ ಇದು. ಅತಿ ಕಡಿಮೆ ಕಾಣುವುದೂ ಇದೇ.

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಸಾಮಾನ್ಯ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಧರೆಯ ಬುಡದ ಗಟಾರ ಕಟ್ಟಿಕೊಂಡಿದ್ದರೆ ಆ ನೀರು ನಿಂತು ಧರೆಯ ಬುಡವನ್ನೇ ನೆನೆಸುತ್ತದೆ. ಮೋರಿ ಕಟ್ಟಿಕೊಂಡಿದ್ದರೆ ನೀರು ರಸ್ತೆ ದಾಟಿ ಹೊರ ಅಂಚನ್ನು ಕೊರೆಯುತ್ತದೆ. ಕುಸಿತಕ್ಕೆ ಬೇರೆ ಕಾರಣಗಳೂ ಇವೆ. ಗುಡ್ಡವನ್ನು ನೆಟ್ಟಗೆ ಕಡಿದಿರುವುದು, ಮೇಲಿನ ಮಣ್ಣಿನ ಪದರ ದಪ್ಪವಾಗಿರುವುದು ಎಲ್ಲವೂ ಸೇರುತ್ತವೆ. ಆದರೆ ನಮ್ಮ ಕೈಯಲ್ಲಿ ಸುಲಭವಾಗಿ ಇರುವುದು ನೀರಿಗೆ ದಾರಿ ಬಿಡುವುದು.

ಈ ಕೆಲಸಕ್ಕೆ ಜೆಸಿಬಿಯ ಹಿಂದಿನ ತೋಳಿಗೆ ಬರುವ ಸಾಮಾನ್ಯ ಬಕೆಟ್ ಸರಿಹೋಗುವುದಿಲ್ಲ. ಅದು ಕಿರಿದು, ಆಳ, ಹಲ್ಲಿರುವಂಥದ್ದು. ಗುಂಡಿ ತೋಡಲು ಮಾಡಿದ್ದು. ಅದರಿಂದ ಗಟಾರ ತೆಗೆದರೆ ತಳ ಏರುಪೇರಾಗಿ ಅಲ್ಲಲ್ಲಿ ನೀರು ನಿಲ್ಲುತ್ತದೆ. ಎಷ್ಟೋ ಕಡೆ ಧರೆಯ ಬುಡವನ್ನೂ ಕೆರೆದು ತೆಗೆದಿರುತ್ತದೆ. ಗುಡ್ಡ ನಿಂತಿರುವುದೇ ಆ ಬುಡದ ಮೇಲೆ. ಗಟಾರದ ಬಕೆಟ್ ನಾಲ್ಕರಿಂದ ಆರಡಿ ಅಗಲ, ಆಳ ಕಡಿಮೆ, ಅಂಚು ನೇರ. ತಳದಲ್ಲಿ ತೂತುಗಳಿದ್ದರೆ ನೀರು ಅಲ್ಲೇ ಸೋರಿ ಹೂಳು ಮಾತ್ರ ಮೇಲೆ ಬರುತ್ತದೆ. ಕೆಲವು ಬಕೆಟುಗಳನ್ನು ಎಡಕ್ಕೆ ಬಲಕ್ಕೆ ವಾಲಿಸಬಹುದು. ಯಂತ್ರ ಓರೆಯಾಗಿ ನಿಂತಿದ್ದರೂ ಗಟಾರದ ತಳ ಸಮ ಬರುತ್ತದೆ. ಅಗಲ ಆರಿಸುವಾಗ ನಿಮ್ಮ ಊರಿನ ಗಟಾರ ಅಳೆದು ನೋಡಿ. ಸಿಮೆಂಟ್ ಕಟ್ಟಿದ ಗಟಾರವಾದರೆ ಅದರ ಒಳ ಅಗಲಕ್ಕಿಂತ ಗೇಣಷ್ಟಾದರೂ ಕಿರಿದು ಬೇಕು, ಇಲ್ಲದಿದ್ದರೆ ಗೋಡೆ ಒಡೆಯುತ್ತದೆ.

ಕೆಲಸದ ಸಮಯ ಮೇ ತಿಂಗಳು. ಮತ್ತೆ ಜುಲೈ ನಡುವೆ ಒಮ್ಮೆ ಮಳೆ ಬಿಡುವು ಕೊಟ್ಟಾಗ. ಎಲೆ, ಪ್ಲಾಸ್ಟಿಕ್, ಧರೆಯಿಂದ ಉದುರಿದ ಮಣ್ಣು ಮೊದಲ ಮಳೆಗೇ ಬಂದು ಕೂತಿರುತ್ತವೆ.

ಬಂಡೆ ಮತ್ತು ಮರ

ಕುಸಿತದ ಜೊತೆ ಬಂಡೆ ಬಂದರೆ ಬೇರೆಯೇ ಕೆಲಸ. ಗಟ್ಟಿ ಕಲ್ಲು ಒಂದು ಘನ ಮೀಟರಿಗೆ 2.7 ಟನ್ ಆಸುಪಾಸು. ಎದೆ ಎತ್ತರದ ಒಂದು ಬಂಡೆಯನ್ನು ಜೆಸಿಬಿ ಉರುಳಿಸಬಹುದು, ಎತ್ತಲಾರದು. ಕಲ್ಲಿನ ಕೆಲಸದ ಬಕೆಟಿಗೆ ದಪ್ಪ ತಗಡು, ತಳದಲ್ಲಿ ಸವೆತ ತಡೆಯುವ ಪಟ್ಟಿ, ಬದಿಯಲ್ಲಿ ಕಟರು ಇರುತ್ತದೆ. ಅಗಲ ಕಡಿಮೆ. ಒಂದೇ ಬಿಂದುವಿನಲ್ಲಿ ಬಲ ಬೀಳಲಿ ಎಂಬ ಕಾರಣಕ್ಕೆ ಹಾಗೆ ಮಾಡಿರುತ್ತಾರೆ. ಸಾಮಾನ್ಯ ಬಕೆಟಿನಿಂದ ಬಂಡೆ ಮೀಟಿದರೆ ಅಂಚು ಸುರುಳುತ್ತದೆ.

ದೊಡ್ಡ ಬಂಡೆಗೆ ಬ್ರೇಕರ್ ಬೇಕೇ ಬೇಕು. ಬ್ರೇಕರ್ ಆರಿಸುವಾಗ ಮೂರು ಸಂಖ್ಯೆ ಹೊಂದಬೇಕು: ಯಂತ್ರದ ತೂಕ, ನಿಮಿಷಕ್ಕೆ ಎಷ್ಟು ಲೀಟರ್ ಆಯಿಲ್ ಬರುತ್ತದೆ, ಒತ್ತಡ ಎಷ್ಟು ಬಾರ್. ಏಳೆಂಟು ಟನ್ನಿನ ಜೆಸಿಬಿಗೆ 300–400 ಕೆಜಿ ಆಸುಪಾಸಿನ ಬ್ರೇಕರ್ ಸರಿ. 20 ಟನ್ನಿನ ಹಿಟಾಚಿಗೆ, ಅಂದರೆ ಚೈನಿನ ಮೇಲೆ ಓಡುವ ದೊಡ್ಡ ಅಗೆಯುವ ಯಂತ್ರಕ್ಕೆ, ಒಂದೂವರೆ ಟನ್ ದಾಟಿದ್ದು ಬರುತ್ತದೆ. ದೊಡ್ಡದನ್ನು ಸಣ್ಣ ಯಂತ್ರಕ್ಕೆ ಹಾಕಿದರೆ ತೋಳಿನ ಬೆಸುಗೆಗಳು ಬಿರುಕು ಬಿಡುತ್ತವೆ. ವಾಪಸ್ ಬರುವ ಆಯಿಲಿಗೆ ಟ್ಯಾಂಕಿಗೆ ನೇರವಾಗಿ ಹೋಗುವ ಸಡಿಲ ದಾರಿ ಇರಬೇಕು. ಇಲ್ಲದಿದ್ದರೆ ಏಟಿನ ಬಲವೂ ಇಳಿಯುತ್ತದೆ, ಸೀಲೂ ಹೋಗುತ್ತದೆ. ಕಲ್ಲು ಒಡೆದ ಮೇಲೂ ಖಾಲಿ ಏಟು ಹೊಡೆಯುತ್ತಿದ್ದರೆ ಒಳಗಿನ ಭಾಗ ಹಾಳು. ಬ್ರೇಕರಿನಿಂದ ಬಂಡೆ ಮೀಟಬಾರದು. ನೀರಿನಲ್ಲಿ ಮುಳುಗಿಸಿ ಹೊಡೆಯಬೇಕಾದರೆ ಗಾಳಿ ಕೊಡುವ ಬೇರೆ ಏರ್ಪಾಡು ಬೇಕು.

ಎಲ್ಲಕ್ಕಿಂತ ಮುಖ್ಯ, ಬ್ರೇಕರ್ ನೆಲವನ್ನು ನಡುಗಿಸುತ್ತದೆ. ಮೇಲೆ ಸಡಿಲ ಧರೆ ಇನ್ನೂ ನಿಂತಿದ್ದರೆ ಬುಡದಲ್ಲಿ ಬ್ರೇಕರ್ ಹೊಡೆಯಬೇಡಿ. ಬಂಡೆಯನ್ನು ಮೊದಲು ಆದಷ್ಟು ದೂರ ಎಳೆದು ತನ್ನಿ. ಮೇಲೆ ಕಣ್ಣಿಡಲು ಒಬ್ಬ ಮನುಷ್ಯ ಸೀಟಿ ಹಿಡಿದು ನಿಂತಿರಬೇಕು. ಎಂಜಿನ್ ಸದ್ದಿನಲ್ಲಿ ಆಪರೇಟರಿಗೆ ಮಣ್ಣು ಉದುರುವ ಸದ್ದು ಕೇಳುವುದೇ ಇಲ್ಲ.

ಮರಗಳಿಗೆ ಬಕೆಟ್ ಎದುರು ಹೆಬ್ಬೆರಳಿನಂತೆ ಮಡಚುವ ಹಿಡಿಕೆ, ಅಥವಾ ಇಕ್ಕಳದಂತೆ ಕಚ್ಚಿ ಹಿಡಿಯುವ ಪೂರ್ತಿ ಗ್ರಾಪಲ್ ಸಾಕು. ಬಿದಿರು ಮೆಳೆ, ಬೇರು ಸಮೇತ ಬಂದ ಮರ ಬಕೆಟಿನಲ್ಲಿ ನಿಲ್ಲುವುದಿಲ್ಲ. ಬ್ರೇಕರಿಗೆ ಒಂದೇ ಕಡೆ ಹರಿಯುವ ಆಯಿಲ್ ಸಾಕಾದರೆ ಗ್ರಾಪಲ್ಲಿಗೆ ಎರಡೂ ಕಡೆ ಹರಿಯುವ ಲೈನ್ ಬೇಕು. ಕೊಳ್ಳುವ ಮೊದಲು ನಿಮ್ಮ ಯಂತ್ರದಲ್ಲಿ ಅದು ಇದೆಯಾ ನೋಡಿಕೊಳ್ಳಿ.

ಇಷ್ಟೆಲ್ಲ ಬದಲಾಯಿಸಲು ಪ್ರತಿ ಸಲ ಪಿನ್ ಹೊಡೆದು ತೆಗೆಯುವುದು ಕಷ್ಟ. ಅದಕ್ಕೆ ಕ್ವಿಕ್ ಹಿಚ್ ಇದೆ. ಕೆಲವೇ ನಿಮಿಷದಲ್ಲಿ ಬಕೆಟ್ ಬದಲಾಗುತ್ತದೆ. ಆದರೆ ಸೇಫ್ಟಿ ಪಿನ್ ಹಾಕದಿದ್ದರೆ ಬಕೆಟ್ ಕಳಚಿ ಬೀಳುತ್ತದೆ. ಹೀಗೆ ಬಿದ್ದ ಬಕೆಟಿನ ಕೆಳಗೆ ಸಿಕ್ಕಿ ಹಲವು ದೇಶಗಳಲ್ಲಿ ಕಾರ್ಮಿಕರು ಸತ್ತಿದ್ದಾರೆ. ಸಿಕ್ಕಿಸಿದ ಮೇಲೆ ಬಕೆಟನ್ನು ನೆಲಕ್ಕೆ ಒತ್ತಿ, ಅಲುಗಾಡಿಸಿ ನೋಡಿ, ಇಳಿದು ಬಂದು ಪಿನ್ನನ್ನು ಕಣ್ಣಾರೆ ಕಂಡ ಮೇಲೆಯೇ ಕೆಲಸ ಶುರು ಮಾಡಬೇಕು.

ಶಿರೂರು

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದು ನಮ್ಮೆಲ್ಲರ ಮನಸ್ಸಿನಲ್ಲಿದೆ. ಮಣ್ಣು ರಸ್ತೆ ದಾಟಿ ಗಂಗಾವಳಿ ನದಿಗೂ ಹೋಯಿತು. ರಸ್ತೆಯ ಮೇಲಿನ ಮಣ್ಣಿಗೆ ಹಿಟಾಚಿಗಳು ಸಾಕಾದವು. ನದಿಯೊಳಗಿನ ಹುಡುಕಾಟಕ್ಕೆ ಉದ್ದ ತೋಳಿನ ಯಂತ್ರ ತರಿಸಿದರು. ಕೊನೆಗೆ ಗೋವಾದಿಂದ ನದಿಯ ಹೂಳೆತ್ತುವ ಡ್ರೆಜರ್ ಬಂದ ಮೇಲೆ, ಕುಸಿತದಲ್ಲಿ ಕಣ್ಮರೆಯಾಗಿದ್ದ ಲಾರಿ ಸೆಪ್ಟೆಂಬರ್ 25ರಂದು ನದಿಯಲ್ಲಿ ಸಿಕ್ಕಿತು.

ತೋಳು ಉದ್ದವಾದಷ್ಟೂ ಬಕೆಟ್ ಸಣ್ಣದಾಗಲೇಬೇಕು. 20 ಟನ್ ವರ್ಗದ ಹಿಟಾಚಿಗೆ ಸಾಮಾನ್ಯ ತೋಳಿನಲ್ಲಿ ಹೆಚ್ಚುಕಡಿಮೆ 1 ಘನ ಮೀಟರಿನ ಬಕೆಟ್ ಬರುತ್ತದೆ. ಅದೇ ಯಂತ್ರಕ್ಕೆ 15 ಮೀಟರ್ ತಲುಪುವ ತೋಳು ಹಾಕಿದರೆ ಬಕೆಟ್ ಅರ್ಧಕ್ಕೆ ಇಳಿಯುತ್ತದೆ. ಹತ್ತಿರದ ಮಣ್ಣನ್ನು ಅದರಿಂದ ತೆಗೆಯುವುದು ಸಮಯ ನಷ್ಟ. ದೂರ ತಲುಪುವ ಕೆಲಸಕ್ಕೆ ಮಾತ್ರ ಅದು. ಹರಿಯುವ ನದಿಯ ತಳಕ್ಕೆ ಅದೂ ಸಾಲದು. ಅಂಥ ಕಡೆ ನೀರಿನ ಮೇಲೆ ತೇಲುವ ಯಂತ್ರವೇ ಬೇಕು.

ಬಾಡಿಗೆಗೆ ಕರೆಯುವ ಮೊದಲು

ನಮ್ಮಲ್ಲಿ ಹೆಚ್ಚಿನ ಪಂಚಾಯಿತಿಗಳಿಗೆ ಸ್ವಂತ ಯಂತ್ರ ಇಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆ. ಮಾತಾಡುವಾಗ ಗಂಟೆಗೆ ಎಷ್ಟು ಎಂದು ಮಾತ್ರ ಕೇಳುತ್ತಾರೆ. ಜೊತೆಗೆ ಯಾವ ಯಾವ ಬಕೆಟ್ ಬರುತ್ತದೆ ಎಂದೂ ಕೇಳಿ. ಮುಂದಿನ ಬಕೆಟಿಗೆ ನೇರ ಪಟ್ಟಿ ಇದೆಯಾ, ಗಟಾರದ ಬಕೆಟ್ ಇದೆಯಾ, ಬ್ರೇಕರ್ ಬೇಕಾದರೆ ಎಷ್ಟು ಹೊತ್ತಿನಲ್ಲಿ ಸಿಗುತ್ತದೆ ಎಂದು ಮೇ ತಿಂಗಳಲ್ಲೇ ಬರೆಸಿಕೊಳ್ಳಿ. ಸುರಿಯುವ ಜಾಗವನ್ನೂ ಆಗಲೇ ಗುರುತು ಮಾಡಿ. ಜಿಲ್ಲೆಯ ಬಹುಪಾಲು ಕಾಡು, ಹಾಗಾಗಿ ಅರಣ್ಯ ಇಲಾಖೆಯ ಜೊತೆ ಮೊದಲೇ ಮಾತಾಡಿಕೊಳ್ಳಬೇಕಾಗುತ್ತದೆ. ನಡುರಾತ್ರಿ ಮಳೆಯಲ್ಲಿ ನಿಂತು ಜಾಗ ಹುಡುಕಲು ಆಗುವುದಿಲ್ಲ. ಆಗ ಎಲ್ಲರೂ ಅಂಚಿನಾಚೆ ತಳ್ಳುವ ದಾರಿಯನ್ನೇ ಹಿಡಿಯುತ್ತಾರೆ.

ಹಳೆಯ ಬಕೆಟ್ ಕೊಳ್ಳುವವರು ಪಿನ್ನಿನ ದಪ್ಪ, ಎರಡು ಕಿವಿಗಳ ನಡುವಿನ ಅಂತರ, ಪಿನ್ನಿಂದ ಪಿನ್ನಿಗೆ ಇರುವ ದೂರ, ಈ ಮೂರನ್ನೂ ಅಳೆದುಕೊಂಡು ಹೋಗಿ. ಒಂದೇ ಹೆಸರಿನ ಯಂತ್ರದಲ್ಲೂ ಮಾದರಿಯಿಂದ ಮಾದರಿಗೆ ಇವು ಬದಲಾಗುತ್ತವೆ. ವಾಷರ್ ತುಂಬಿ ಹೊಂದಿಸಿದ ಬಕೆಟ್ ಒಂದು ಮಳೆಗಾಲ ಕಳೆಯುವುದರೊಳಗೆ ತೋಳಿನ ಕಣ್ಣನ್ನೇ ಸವೆಸಿಬಿಡುತ್ತದೆ.

ಇನ್ನು ಯಂತ್ರ ಎಲ್ಲಿ ನಿಲ್ಲಿಸಬೇಕು ಎನ್ನುವುದು. ಘಟ್ಟದ ನಡುವೆ ಧರೆ ಕುಸಿದರೆ ರಸ್ತೆ ಎರಡು ತುಂಡಾಗುತ್ತದೆ. ಜೆಸಿಬಿ ಕುಮಟಾ ಬದಿಯಲ್ಲಿ, ಅದರ ಬ್ರೇಕರ್ ಶಿರಸಿಯ ಶೆಡ್ಡಿನಲ್ಲಿ ಇದ್ದರೆ ಸುತ್ತು ಹಾಕಿ ತರಲು ಅರ್ಧ ದಿನ ಬೇಕು. ಸುತ್ತಿನ ದಾರಿಯಲ್ಲೂ ಮಣ್ಣು ಬಿದ್ದಿದ್ದರೆ ಅದೂ ಇಲ್ಲ. ಆದ್ದರಿಂದ ಜೂನ್ ಮೊದಲ ವಾರದೊಳಗೆ ಪ್ರತಿ ಘಟ್ಟಕ್ಕೂ ಮೇಲೊಂದು, ಕೆಳಗೊಂದು ಯಂತ್ರ ನಿಲ್ಲಿಸಬೇಕು. ಎರಡರ ಜೊತೆಗೂ ಅದರದ್ದೇ ಬಕೆಟುಗಳು, ಗ್ರೀಸ್, ಬದಲಿ ಹಲ್ಲು, ಒಂದು ಜೊತೆ ಹೋಸು ಅಲ್ಲೇ ಇರಬೇಕು. ಮೇಲಿನ ಯಂತ್ರಕ್ಕೆ ಬ್ರೇಕರ್ ಕೊಡಲು ಆಗದಿದ್ದರೆ ಗ್ರಾಪಲ್ ಆದರೂ ಕೊಡಿ. ಕೆಳಗಿನದಕ್ಕೆ ಗಟಾರದ ಬಕೆಟ್ ತಪ್ಪಿಸಬೇಡಿ, ಮೇಲಿನ ನೀರೆಲ್ಲ ಇಳಿದು ಬರುವುದು ಆ ಕಡೆಗೇ.